ಹಾಲು ಬಿಡಿಸಿದ ಹಂದಿ ಮರಿಗೆ ಭೇದಿ: ಮೊದಲು ನೀರು, ಆಮೇಲೆ ಔಷಧ

ಅನುಗೊಂಡನಹಳ್ಳಿ: ತಾಯಿ ಹಾಲು ಬಿಡಿಸಿದ ಮೊದಲ ಎರಡು ವಾರದಲ್ಲಿ ಹಂದಿ ಮರಿಗಳಿಗೆ ನೀರಿನಂಥ ಭೇದಿ ಹತ್ತಿದರೆ ಹೆಚ್ಚಾಗಿ ಇ-ಕೋಲಿ ಬ್ಯಾಕ್ಟೀರಿಯಾ ಕಾರಣ. ಅದು ಬಿಡುವ ವಿಷದಿಂದ ಮೈಯ ನೀರು, ಉಪ್ಪು ಕರುಳಿಗಿಳಿದು ಹೊರಗೆ ಹೋಗುತ್ತದೆ. ಕಣ್ಣು ಗುಳಿಬಿದ್ದು ಒಂದೆರಡು ದಿನದಲ್ಲೇ ಮರಿ ಸಾಯಬಹುದು. ಹಾಗಾಗಿ ಮೊದಲು ಶುದ್ಧ ನೀರಿಗೆ ಓಆರ್‌ಎಸ್ ಬೆರೆಸಿ ಆಗಾಗ ಕುಡಿಸಬೇಕು. ಕಾಯಿಲೆ ಮರಿಯನ್ನು ಬೇರೆ ಇಟ್ಟು, ಒಣ ನೆಲದಲ್ಲಿ ಬೆಚ್ಚಗಿಡಬೇಕು.

ಆಂಟಿಬಯಾಟಿಕ್ ಯಾವುದು, ಎಷ್ಟು ದಿನ ಅನ್ನೋದನ್ನು ಪಶುವೈದ್ಯರೇ ಹೇಳಬೇಕು. ಮಲದ ಸ್ಯಾಂಪಲ್ ಲ್ಯಾಬಿಗೆ ಹೋದರೆ ಯಾವ ಔಷಧ ನಾಟುತ್ತದೆಂದು ತಿಳಿಯುತ್ತದೆ. ‘ಹೋದ ಸಲ ಕೊಟ್ಟ ಪುಡಿಯೇ ಕೊಡಿ’ ಎಂದು ಅಂಗಡಿಯಲ್ಲಿ ಕೇಳೋದು ಸರಿಯಲ್ಲ. ಅದರಲ್ಲೂ ಕೊಲಿಸ್ಟಿನ್ ಕೇಳಲೇಬಾರದು, ಮಾರಲೂಬಾರದು. ಬೇರೆ ಔಷಧ ನಾಟದ ರೋಗಿಗಳಿಗೆಂದು ಉಳಿಸಿಕೊಂಡಿರುವ ಇದನ್ನು ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ ಮಾರುವುದನ್ನು ಕೇಂದ್ರ ಸರ್ಕಾರ 2019ರ ಜುಲೈನಲ್ಲೇ ನಿಷೇಧಿಸಿದೆ. ತುರ್ತಿದ್ದರೆ ಪಶು ಸಂಜೀವಿನಿ ಸಹಾಯವಾಣಿ 1962ಕ್ಕೆ ಕರೆ ಮಾಡಬಹುದು.