ಹಿಂದಿನ ಗಾಲಿಯ ಹಿಡಿತ

ಹಾವೇರಿ, ಧಾರವಾಡದ ಸೀಮೆಗೆ ಓಟದ ಬಂಡಿ ಹೊಸದಲ್ಲ. ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿಯ ಸುತ್ತಮುತ್ತಲಾಗಲಿ, ಸವಣೂರು, ಹಾನಗಲ್ಲಗಳ ಕಡೆಗಾಗಲಿ, ಖಾಲಿ ಗಾಡಾ ಓಡಿಸುವ ಪಂದ್ಯವೆಂದರೆ ಏನೆಂದು ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜೋಡೆತ್ತು ಕಟ್ಟಿದ ಭಾರವಿಲ್ಲದ ಗಾಡಿಯನ್ನು ಬಯಲಿನಲ್ಲಿ ಬಿಡುತ್ತಾರೆ. ಗೊತ್ತು ಮಾಡಿದ ಹೊತ್ತಿನೊಳಗೆ ಯಾವ ಜೋಡಿ ಹೆಚ್ಚು ದೂರ ಓಡಿತೋ ಅದಕ್ಕೆ ಬಹುಮಾನ. ಈ ಪಂದ್ಯಗಳು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದವು. ಕರ್ನಾಟಕ ಮಾಡಿಕೊಂಡ ಕಾನೂನಿನ ತಿದ್ದುಪಡಿಯನ್ನು ಸುಪ್ರೀಂ ಕೋರ್ಟು ೨೦೨೩ರ ಮೇ ತಿಂಗಳಲ್ಲಿ ಎತ್ತಿ ಹಿಡಿಯಿತು. ಅದಿರಲಿ.

ಆ ಪಂದ್ಯದಲ್ಲಿ ಒಂದು ಸಂಗತಿಯನ್ನು ಲಕ್ಷ್ಯಗೊಟ್ಟು ನೋಡಿರಿ. ಅಲ್ಲಿ ಗಾಲಿಗೆ ಹೆಚ್ಚಿನ ಕೆಲಸವಿಲ್ಲ, ಉರುಳಿದರೆ ಸಾಕು. ನೆಲವನ್ನು ಹಿಂದಕ್ಕೆ ಒತ್ತಿ ಗಾಡಿಯನ್ನು ಮುಂದಕ್ಕೆ ತರುವುದು ಎತ್ತಿನ ಗೊರಸು. ಗೊರಸು ಜಾರಿತೆಂದರೆ ಎತ್ತಿನ ಕಸುವೆಲ್ಲ ಮಣ್ಣುಪಾಲು. ಆದರೆ ನಮ್ಮ ಹಳ್ಳಿಯವರು ಫಟಫಟಿ ಎಂದು ಕರೆದ ಮೋಟಾರು ಸೈಕಲ್ಲಿಗೆ ಎತ್ತಿಲ್ಲ. ಅದರ ಹಿಂದಿನ ಗಾಲಿಯೇ ಗಾಲಿ, ಅದೇ ಗೊರಸು. ಎಂಜಿನ್ನಿನ ಶಕ್ತಿಯೆಲ್ಲ ಸರಪಳಿಯ ಗುಂಟ ಬಂದು, ನೆಲಕ್ಕೆ ತಾಗಿರುವ ಅಂಗೈಯಗಲದ ರಬ್ಬರಿನ ಮೇಲೆ ನಿಲ್ಲಬೇಕು. ಪಂದ್ಯದಲ್ಲಿ ಸವಾರನ ಗೆಲುವೂ ಅವನ ಎಲುಬೂ ಆ ಅಂಗೈಯಗಲವನ್ನೇ ನಂಬಿಕೊಂಡಿರುತ್ತವೆ. ಆ ಹಿಡಿತವನ್ನು ಹೆಚ್ಚಿಸಿಕೊಳ್ಳಲು ಮನುಷ್ಯನು ಪಟ್ಟ ಪಾಡಿಗೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ.

೧೮೮೫ರಲ್ಲಿ ಜರ್ಮನಿಯ ಡೈಮ್ಲರ್ ಮತ್ತು ಮೈಬಾಖ್ ಪೆಟ್ರೋಲಿನಿಂದ ಓಡುವ ಮೊದಲ ದ್ವಿಚಕ್ರವನ್ನು ಕಟ್ಟಿದಾಗ ಅದಕ್ಕೆ ಇದ್ದದ್ದು ಕಟ್ಟಿಗೆಯ ಗಾಲಿ, ಅದರ ಮೇಲೆ ಕಬ್ಬಿಣದ ಹಳಿ. ನಮ್ಮ ಕಮ್ಮಾರ ಹಳಿಯನ್ನು ಕೆಂಪಗೆ ಕಾಸಿ, ಗಾಲಿಗೆ ಏರಿಸಿ, ನೀರು ಹುಯ್ದು ಬಿಗಿಸುತ್ತಿದ್ದನಲ್ಲ, ಅದೇ ಜಾತಿಯದು. ಅರ್ಧ ಕುದುರೆಯ ಶಕ್ತಿಗೆ ಅಷ್ಟು ಸಾಕಾಗಿತ್ತು.

ರಬ್ಬರು ಆ ವೇಳೆಗೆ ಹೊಸ ವಸ್ತುವಲ್ಲ. ಅಮೇರಿಕೆಯ ಚಾರ್ಲ್ಸ್ ಗುಡ್‌ಇಯರ್ ೧೮೩೯ರಲ್ಲಿಯೇ ರಬ್ಬರನ್ನು ಗಂಧಕದೊಂದಿಗೆ ಕಾಸಿ ಗಟ್ಟಿ ಮಾಡುವ ಹದವನ್ನು ಕಂಡುಕೊಂಡಿದ್ದ. ೧೮೪೫ರಲ್ಲಿ ರಾಬರ್ಟ್ ಥಾಮ್ಸನ್ ಎಂಬವನು ಗಾಳಿ ತುಂಬಿದ ಗಾಲಿಗೆ ಹಕ್ಕುಪತ್ರವನ್ನೂ ಪಡೆದ. ಲೋಕ ಅದನ್ನು ಮರೆತುಬಿಟ್ಟಿತು. ೧೮೮೮ರಲ್ಲಿ ಐರ್ಲಂಡಿನ ಬೆಲ್‌ಫಾಸ್ಟ್ ಊರಿನಲ್ಲಿದ್ದ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನೇ ಮತ್ತೆ ಕಂಡುಹಿಡಿದ. ಡನ್‌ಲಪ್ ಕಸುಬಿನಿಂದ ದನದ ಡಾಕ್ಟರನೆಂಬುದು ನಮ್ಮ ರೈತರಿಗೆ ಹಿಡಿಸುವ ಮಾತು. ಗೊರಸನ್ನು ಬಲ್ಲವನೇ ಗಾಲಿಗೆ ಗಾಳಿ ತುಂಬಿದ! ಆದರೆ ಅವನ ಮನಸ್ಸಿನಲ್ಲಿದ್ದದ್ದು ಹಿಡಿತವಲ್ಲ, ಹುಡುಗನಿಗೆ ಕುಲುಕಾಟ ತಪ್ಪಿಸುವುದು. ಮರುವರ್ಷವೇ ವಿಲ್ಲಿ ಹ್ಯೂಮ್ ಎಂಬ ಸವಾರ ಆ ಟೈರುಗಳನ್ನು ಹಾಕಿಕೊಂಡು ಬೆಲ್‌ಫಾಸ್ಟಿನ ಸೈಕಲ್ ಪಂದ್ಯಗಳನ್ನು ಗೆದ್ದ. ಪಂದ್ಯಕ್ಕೂ ಟೈರಿಗೂ ಗಂಟು ಬಿದ್ದದ್ದು ಅಂದಿನಿಂದ.

ಇನ್ನು ತಿಕ್ಕಾಟದ ಶಾಸ್ತ್ರ. ಒಂದು ವಸ್ತು ಇನ್ನೊಂದರ ಮೇಲೆ ಜಾರುವಾಗ ಆಗುವ ತಡೆ ಭಾರವನ್ನು ಅವಲಂಬಿಸಿದೆ, ತಾಗಿದ ಅಗಲವನ್ನಲ್ಲ ಎಂದು ಫ್ರಾನ್ಸಿನ ಅಮೊಂತೊಂ ೧೬೯೯ರಲ್ಲಿ ಹೇಳಿದ. ಶಾಲೆಯಲ್ಲಿ ಓದಿದವರಿಗೆ ಇದು ನೆನಪಿರಬಹುದು. ಕಟ್ಟಿಗೆಗೆ, ಕಬ್ಬಿಣಕ್ಕೆ ಈ ಮಾತು ಬಹುಮಟ್ಟಿಗೆ ಸರಿ. ರಬ್ಬರು ಮಾತ್ರ ಅದಕ್ಕೆ ಕಿವಿಗೊಡುವುದಿಲ್ಲ. ಅದು ನೆಲದ ಸಣ್ಣ ಸಣ್ಣ ತಗ್ಗುಗಳೊಳಗೆ ಇಳಿದು ಕೂಡುತ್ತದೆ. ಅದೇ ಭಾರವನ್ನು ಹೆಚ್ಚು ಅಗಲದ ಮೇಲೆ ಹರಡಿದರೆ ಹೆಚ್ಚು ಹಿಡಿಯುತ್ತದೆ. ಪಂದ್ಯದ ಬಂಡಿಗಳ ಹಿಂದಿನ ಟೈರು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತ ಬಂದದ್ದು ಸುಮ್ಮನಲ್ಲ.

ಎರಡನೆಯ ಗುಟ್ಟು ಇನ್ನೂ ಸ್ವಾರಸ್ಯದ್ದು. ಎರಡು ರಬ್ಬರ ಚೆಂಡುಗಳನ್ನು ಕೆಳಗೆ ಬಿಡಿರಿ. ಒಂದು ಟಣ್ಣನೆ ಎದೆಯೆತ್ತರ ಪುಟಿಯುತ್ತದೆ. ಇನ್ನೊಂದು ಧೊಪ್ಪೆಂದು ಬಿದ್ದು ಅಲ್ಲಿಯೇ ಕೂಡುತ್ತದೆ. ಆಟಕ್ಕೆ ಮೊದಲನೆಯದು ಒಳ್ಳೆಯದು. ಆದರೆ ಒದ್ದೆ ರಸ್ತೆಯಲ್ಲಿ ಹಿಡಿತಕ್ಕೆ ಎರಡನೆಯದೇ ಬೇಕು! ಒತ್ತಿದಾಗ ಕೊಟ್ಟ ಶಕ್ತಿಯನ್ನು ಪೂರ್ತಿಯಾಗಿ ಹಿಂದಿರುಗಿಸದ ಈ ಜಡ ರಬ್ಬರು ನೆಲದ ಉಬ್ಬುಗಳನ್ನು ದಾಟುವಾಗ ಜಾರುವಿಕೆಗೆ ತಡೆಯೊಡ್ಡುತ್ತದೆ. ಕೇಂಬ್ರಿಜ್ಜಿನ ಗ್ರೀನ್‌ವುಡ್ ಮತ್ತು ಟೇಬರ್ ೧೯೫೮ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ಪಂದ್ಯದ ಟೈರು ಮಾಡುವವರು ಈ ದಾರಿಯನ್ನು ಹಿಡಿದರು. ಬೆಲೆ ಮಾತ್ರ ತೆರಲೇಬೇಕು: ಇಂಥ ರಬ್ಬರು ಬೇಗ ಕಾಯುತ್ತದೆ, ಬೇಗ ಸವೆಯುತ್ತದೆ. ಮನೆಯ ಸ್ಕೂಟರಿಗೆ ವರ್ಷಗಟ್ಟಲೆ ಬರುವ ಟೈರು ಬೇಕು. ಪಂದ್ಯದವನಿಗೆ ಒಂದು ಮಧ್ಯಾಹ್ನ ಬಾಳಿದರೆ ಆಯಿತು.

ಈಗ ನಮ್ಮ ನಾಡಿಗೆ ಬರೋಣ. ೧೯೬೧ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರಖಾನೆಯನ್ನು ಆಗಿನ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಉದ್ಘಾಟಿಸಿದರು. ಇರಾನಿ ಮನೆತನದವರು ಚೆಕೊಸ್ಲೊವಾಕಿಯದ ಜಾವಾ ಬಂಡಿಯನ್ನು ಇಲ್ಲಿ ಕಟ್ಟತೊಡಗಿದರು. ೨೫೦ ಸಿ.ಸಿ.ಯ ಒಂದೇ ಸಿಲಿಂಡರು, ಎರಡು ಹೊಗೆಕೊಳವೆ, ಸುಮಾರು ೧೨ ಕುದುರೆಯ ಶಕ್ತಿ, ೧೬ ಅಂಗುಲದ ಗಿಡ್ಡ ಗಾಲಿಗಳು. ೧೯೭೩ರಿಂದ ಅದರ ಹೆಸರು ಯೆಜ್ದಿಯಾಯಿತು. ೧೯೯೬ರಲ್ಲಿ ಕಾರಖಾನೆ ಮುಚ್ಚಿತು. ಈ ಬಂಡಿಗಳನ್ನು ಏರಿದ ಹುಡುಗರಿಗೆ ಪಂದ್ಯದ ಬಯಲೆಂದರೆ ಮದರಾಸಿನ ಹತ್ತಿರದ ಶೋಲಾವರಂ. ಅದು ಎರಡನೆಯ ಮಹಾಯುದ್ಧದ ಕಾಲದ ವಿಮಾನದಾಣ. ೧೯೫೩ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಅಲ್ಲಿ ಪಂದ್ಯ ನಡೆಸುತ್ತಿದ್ದರು. ೧೯೯೦ರಲ್ಲಿ ಶ್ರೀಪೆರುಂಬುದೂರಿನ ಬಳಿ ಹೊಸ ಓಟದ ದಾರಿಯಾಗುವವರೆಗೂ ದಕ್ಷಿಣದ ಸವಾರರಿಗೆ ಅದೇ ಕಾಶಿ.

ಆಮದಿನ ಕಟ್ಟುಪಾಡುಗಳ ಆ ಕಾಲದಲ್ಲಿ ಪರದೇಶದ ಪಂದ್ಯದ ಟೈರು ಸುಲಭಕ್ಕೆ ಸಿಗುವಂತಿರಲಿಲ್ಲ. ರಸ್ತೆಯ ಟೈರಿನಿಂದಲೇ ಹಿಡಿತವನ್ನು ಹಿಂಡಿ ತೆಗೆಯಬೇಕು. ಇಂಥಲ್ಲಿ ಸವಾರನ ಕೈಯಲ್ಲಿರುವ ಮೊದಲ ಉಪಾಯ ಗಾಳಿಯ ಒತ್ತಡ. ಗಾಳಿ ಸ್ವಲ್ಪ ಇಳಿಸಿದರೆ ಟೈರು ಹೆಚ್ಚು ಅಗಲಕ್ಕೆ ನೆಲವನ್ನು ತಬ್ಬುತ್ತದೆ. ಅತಿಯಾಗಿ ಇಳಿಸಿದರೆ ಅದರ ಮೈ ಒಲೆದಾಡಿ, ಕಾದು, ತಿರುವಿನಲ್ಲಿ ಕೈಕೊಡುತ್ತದೆ. ಬಿಸಿಲಿಗೂ ಓಟಕ್ಕೂ ಗಾಳಿ ಹಿಗ್ಗಿ ಒತ್ತಡ ಏರುವುದರಿಂದ ಮುಂಜಾನೆಯ ಲೆಕ್ಕ ಮಧ್ಯಾಹ್ನಕ್ಕೆ ನಡೆಯದು. ಎರಡನೆಯದು ಮೈಯ ಭಾರ. ವೇಗ ಏರಿಸುವಾಗ ಬಂಡಿಯ ಭಾರ ತಾನಾಗಿಯೇ ಹಿಂದಕ್ಕೆ ಸರಿಯುತ್ತದೆ. ಸವಾರನೂ ಹಿಂದಕ್ಕೆ ಸರಿದು ಕೂತರೆ ಹಿಂದಿನ ಗಾಲಿ ಇನ್ನಷ್ಟು ಊರಿಕೊಳ್ಳುತ್ತದೆ. ಮೂರನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು, ಬಲಗೈಯ ಹದ. ಟೈರಿನ ಹಿಡಿತವನ್ನು ಹದಿನಾರಾಣೆ ಎಂದುಕೊಳ್ಳಿರಿ. ಬಾಗಿ ತಿರುಗುವುದಕ್ಕೆ ಅದರಲ್ಲಿ ಬಹುಪಾಲು ಖರ್ಚಾದಾಗ, ಮುಂದಕ್ಕೆ ನೂಕಲು ಉಳಿಯುವುದು ಚಿಲ್ಲರೆಯೇ. ನಿಜವಾದ ಗಣಿತ ಇಷ್ಟು ಸರಳವಲ್ಲವಾದರೂ ತಿಳಿಯಲಿಕ್ಕೆ ಇಷ್ಟು ಸಾಕು. ಬಂಡಿ ನೆಟ್ಟಗಾದಂತೆ ಕೈಯನ್ನು ತಿರುವುತ್ತ ಹೋಗುವವನು ಉಳಿದ. ಬಾಗಿರುವಾಗಲೇ ಒಮ್ಮೆಲೇ ತಿರುವಿದವನು ಮಣ್ಣು ಮುಕ್ಕಿದ.

ಹೊರಗಿನ ಲೋಕದಲ್ಲಿ ಸುಧಾರಣೆಗಳು ಒಂದರ ಹಿಂದೊಂದು ಬಂದವು. ಡನ್‌ಲಪ್‌ನ ಅದೇ ಬೆಲ್‌ಫಾಸ್ಟಿನ ರೆಕ್ಸ್ ಮೆಕ್ಯಾಂಡ್‌ಲೆಸ್ ಕಟ್ಟಿದ ಹೊಸ ಚೌಕಟ್ಟಿನ ನಾರ್ಟನ್ ಬಂಡಿಯ ಮೇಲೆ ಜೆಫ್ ಡ್ಯೂಕ್ ೧೯೫೦ರಲ್ಲಿ ಐಲ್ ಆಫ್ ಮ್ಯಾನಿನ ಹಿರಿಯ ಪಂದ್ಯವನ್ನು ಗೆದ್ದ. ಸವಾರರು ಆ ಚೌಕಟ್ಟಿಗೆ ಗರಿಹಾಸಿಗೆಯೆಂದು ಹೆಸರಿಟ್ಟರು. ಸುಖಕ್ಕಾಗಿ ಮಾತ್ರವಲ್ಲ, ತಗ್ಗುದಿನ್ನೆಗಳಲ್ಲಿ ಹಿಂದಿನ ಗಾಲಿ ನೆಲ ಬಿಡದಂತೆ ನೋಡಿಕೊಂಡದ್ದೇ ಅದರ ಹೆಚ್ಚುಗಾರಿಕೆ. ಗಾಳಿಯಲ್ಲಿರುವ ಗಾಲಿಗೆ ಎಲ್ಲಿಯ ಹಿಡಿತ! ೧೯೬೦ರ ದಶಕದಲ್ಲಿ ಡನ್‌ಲಪ್ ಕಂಪನಿ ಮುಕ್ಕೋನದ ಟೈರನ್ನು ತಂದಿತು. ಬಂಡಿ ಬಾಗಿದಾಗಲೇ ಹೆಚ್ಚು ರಬ್ಬರು ನೆಲಕ್ಕೆ ತಾಗುವಂತೆ ಅದರ ಆಕಾರ. ೧೯೭೦ರ ದಶಕದ ನಡುವೆ ಗೀರುಗಳೇ ಇಲ್ಲದ ನುಣ್ಣನೆಯ ಟೈರು ಬಂತು. ನೋಡುವವರು ಬೆರಗಾದರು. ಗೀರು ಇರುವುದು ನೀರು ಹೊರಹೋಗಲಿಕ್ಕೆ. ಒಣ ದಾರಿಯಲ್ಲಿ ಅದು ರಬ್ಬರನ್ನು ಕಳೆದುಕೊಂಡ ಜಾಗವಷ್ಟೇ.

೧೯೯೨ರಲ್ಲಿ ಹೊಂಡಾದವರು ಇನ್ನೊಂದು ಬಗೆಯಿಂದ ಯೋಚಿಸಿದರು. ಐನೂರು ಸಿ.ಸಿ.ಯ ನಾಲ್ಕು ಸಿಲಿಂಡರುಗಳ ಸಿಡಿತವನ್ನು ಸಮನಾಗಿ ಹಂಚುವ ಬದಲು ಒತ್ತೊತ್ತಾಗಿ ಒಂದೇ ಕಡೆಗೆ ತಂದರು. ಎಂಜಿನ್ನಿನ ದನಿಯೇ ಬದಲಾಯಿತು, ತಿರುವಿನಿಂದ ಹೊರಬರುವಾಗಿನ ಹಿಡಿತವೂ ಸುಧಾರಿಸಿತು. ಎರಡು ಒದೆತಗಳ ನಡುವೆ ಟೈರಿಗೆ ಸುಧಾರಿಸಿಕೊಳ್ಳಲು ಬಿಡುವು ಸಿಕ್ಕಿತೆಂದು ಕೆಲವರು, ಸವಾರನಿಗೆ ಜಾರುವಿಕೆ ಚೆನ್ನಾಗಿ ತಿಳಿಯತೊಡಗಿತೆಂದು ಕೆಲವರು. ನನಗೆ ಎರಡನೆಯ ಮಾತು ಹೆಚ್ಚು ಒಪ್ಪುತ್ತದೆ. ಏಕೆಂದರೆ ಸವಾರನನ್ನು ಕೊಲ್ಲುವುದು ಹಿಡಿತ ತಪ್ಪುವುದಷ್ಟೇ ಅಲ್ಲ. ತಪ್ಪಿದ ಹಿಡಿತ ಥಟ್ಟನೆ ಮರಳುವುದು. ಅಡ್ಡ ಜಾರುತ್ತಿದ್ದ ಹಿಂದಿನ ಗಾಲಿ ಒಮ್ಮೆಲೇ ನೆಲ ಕಚ್ಚಿದರೆ ಬಂಡಿ ಹೋರಿಯಂತೆ ಕೊಡವಿ ಮೇಲಿದ್ದವನನ್ನು ಆಚೆಗೆ ಎಸೆಯುತ್ತದೆ. ಇಂದು ಎರಡೂ ಗಾಲಿಗಳ ವೇಗವನ್ನು ಹೋಲಿಸಿ ನೋಡುವ ಯಂತ್ರಗಳು ಎಂಜಿನ್ನಿನ ಕಸುವನ್ನು ಕ್ಷಣಾರ್ಧದಲ್ಲಿ ತಗ್ಗಿಸುತ್ತವೆ. ಎಸೆತಗಳು ಕಡಿಮೆಯಾಗಿವೆ, ನಿಂತಿಲ್ಲ.

ಮರಳಿನ ಕಥೆ ಬೇರೆ. ಬೆಂಗಳೂರಿನ ಸಿ. ಎಸ್. ಸಂತೋಷ್ ೨೦೧೫ರಲ್ಲಿ ಡಕಾರ್ ಮಹಾಪಂದ್ಯವನ್ನು ಮುಗಿಸಿದ ಮೊದಲ ಭಾರತೀಯನಾದ. ಉಡುಪಿಯ ಕೆ. ಪಿ. ಅರವಿಂದ್ ೨೦೧೯ರಲ್ಲಿ ಅದನ್ನು ಮುಗಿಸಿದ. ಅದೇ ವರ್ಷ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಮರುಭೂಮಿಯಂಥ ಬಯಲುಗಳ ಪಂದ್ಯಗಳಲ್ಲಿ ಮಹಿಳೆಯರ ವಿಶ್ವ ಕಪ್ಪನ್ನು ಗೆದ್ದಳು. ಅಂಥ ನೆಲದಲ್ಲಿ ನುಣ್ಣನೆಯ ರಬ್ಬರಿಗೆ ಬೆಲೆಯಿಲ್ಲ. ಗಡ್ಡೆಗಡ್ಡೆಯಾದ ಹಲ್ಲುಗಳು ನೆಲವನ್ನು ಅಗೆದು ಒದೆಯಬೇಕು. ಮುಳ್ಳು ಚುಚ್ಚಿ ಗಾಳಿ ಹೋಗದಿರಲೆಂದು ಅನೇಕರು ಒಳಗೆ ಗಾಳಿಯ ಬದಲು ನೊರೆಯ ಬುರುಗಿನಂಥ ರಬ್ಬರಿನ ಬಳೆಯನ್ನೇ ತುಂಬುತ್ತಾರೆ. ದನದ ಡಾಕ್ಟರ ತುಂಬಿದ ಗಾಳಿಯನ್ನು ಹೀಗೆ ಹೊರಗೆ ಹಾಕಿದ್ದೂ ಆಯಿತು, ಗಾಲಿ ಮತ್ತೆ ಗೊರಸಾಯಿತು.

ಆದರೆ ಈ ಗೊರಸೂ ನಮ್ಮ ಎರೆಗೆ ಸೋಲುತ್ತದೆ. ಮುಂಗಾರು ಬಿದ್ದ ಮರುದಿನ ಸವಣೂರ ಕಡೆಯ ಹೊಲದ ದಾರಿಯಲ್ಲಿ ಹೋಗಿ ನೋಡಿರಿ. ಕರಿಮಣ್ಣು ಹಲ್ಲುಗಳ ಸಂದಿಯೆಲ್ಲ ತುಂಬಿ, ಟೈರು ಒಂದೇ ಉಂಡೆಯಾಗಿ, ಮಡ್‌ಗಾರ್ಡಿಗೆ ಸಿಕ್ಕಿ ಗಾಲಿಯೇ ನಿಂತಿರುತ್ತದೆ. ಬದುವಿಗೆ ಒರಗಿಸಿದ ಬಂಡಿಯ ಪಕ್ಕದಲ್ಲಿ ಹುಡುಗನೊಬ್ಬ ಕುಕ್ಕುರುಗಾಲಿನಲ್ಲಿ ಕೂತು, ಜಾಲಿಯ ಕಡ್ಡಿಯಿಂದ ಮಣ್ಣು ಕೆರೆದು ತೆಗೆಯುತ್ತಿರುತ್ತಾನೆ.