ಪೀಣ್ಯದ ಶೆಡ್ಡಿನಿಂದ ಕಕ್ಷೆಗೆ

ಬೆಂಗಳೂರಿನ ಪೀಣ್ಯದಲ್ಲಿ ಲೇತ್ ಅಂಗಡಿ ಇಟ್ಟುಕೊಂಡವನು ನಾನು. ದೇಶದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದು ಇಲ್ಲಿನ ಕೈಗಾರಿಕಾ ಶೆಡ್ಡುಗಳಲ್ಲೇ ಎಂದರೆ ಗಿರಾಕಿಗಳಲ್ಲಿ ಅರ್ಧ ಜನ ನಂಬುವುದಿಲ್ಲ.

1972ರಲ್ಲಿ ಸೋವಿಯತ್ ಒಕ್ಕೂಟದೊಡನೆ ಒಪ್ಪಂದವಾಯಿತು. ಉಪಗ್ರಹ ನಮ್ಮದು, ರಾಕೆಟ್ ಅವರದು. ಉಡುಪಿ ಕಡೆಯ ಅದಮಾರಿನವರಾದ ಯು.ಆರ್. ರಾವ್ ಮುಂದಾಳು. ತಂಡದ ಹೆಚ್ಚಿನವರು ಎಳೆಯ ಎಂಜಿನಿಯರುಗಳು. ಉಪಗ್ರಹ ಕಟ್ಟಿದ ಅನುಭವ ಅವರಿಗೆ ಎಲ್ಲಿಂದ ಬರಬೇಕು? ಶೆಡ್ಡಿನೊಳಗೇ ಧೂಳು ಸೋಕದ ಕೋಣೆ ಮಾಡಿಕೊಂಡರು. ಅಲ್ಲಿ ರೂಪುಗೊಂಡದ್ದು 26 ಮುಖಗಳ, 360 ಕಿಲೋ ತೂಕದ, ಮೈತುಂಬ ಸೌರಕೋಶ ಹೊದ್ದ ಯಂತ್ರ. ನನ್ನ ಕೆಲಸ ಕೆಟ್ಟರೆ ಗಿರಾಕಿ ಮರುದಿನವೇ ಬಂದು ಬೈಯುತ್ತಾನೆ, ತಿದ್ದಿಕೊಡುತ್ತೇನೆ. ಮೇಲೆ ಹೋದದ್ದನ್ನು ಬಿಚ್ಚಿ ನೋಡುವವರು ಯಾರು?

1975ರ ಏಪ್ರಿಲ್ 19ರಂದು ಅದು ರಷ್ಯಾದ ಕಪುಸ್ತಿನ್ ಯಾರ್‌ನಿಂದ ಹಾರಿತು. ಬೆಂಗಳೂರಿನಲ್ಲಿ ಅದರ ಸಂಕೇತ ಹಿಡಿಯುವ ಕೇಂದ್ರಕ್ಕೆ ಒದಗಿದ ಜಾಗವಾದರೂ ಎಂಥದು! ಒಂದು ಶೌಚಾಲಯವನ್ನೇ ಬದಲಾಯಿಸಿಕೊಂಡರು. ಕ್ಷ-ಕಿರಣ, ಸೂರ್ಯ, ಮೇಲ್ವಾತಾವರಣಗಳ ಅಧ್ಯಯನಕ್ಕೆಂದು ಉಪಕರಣಗಳಿದ್ದವು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆ ಕೈಕೊಟ್ಟು ಪ್ರಯೋಗಗಳು ನಿಂತವು.

ಇದನ್ನು ಸೋಲೆನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮೊದಲ ಪೀಸಿನಲ್ಲಿ ಕಲಿಯುವುದೇ ಲಾಭ. 1979ರಲ್ಲಿ ಭಾಸ್ಕರ ಉಪಗ್ರಹ ಹಾರಿದ್ದು ಆ ಕಲಿಕೆಯ ಬಲದಿಂದ. ಆರ್ಯಭಟ 1992ರ ಫೆಬ್ರವರಿಯಲ್ಲಿ ವಾತಾವರಣಕ್ಕೆ ಮರಳಿ ನಾಶವಾಯಿತು. ಹಳೆಯ ಎರಡು ರೂಪಾಯಿ ನೋಟು ಮನೆಯಲ್ಲಿದ್ದರೆ ಹಿಂಬದಿ ತಿರುಗಿಸಿ ನೋಡಿ, ಅದರ ಚಿತ್ರವಿರಬಹುದು.