ಬೀದರದ ತೊಗರಿ ಹೊಲವೂ ಕಾಯಿಕೊರಕ ಪತಂಗವೂ

ಬೀದರದ ಇತಿಹಾಸವೆಂದೊಡನೆ ಬಹಮನಿ ಸುಲ್ತಾನರ ಕೋಟೆಯೂ 1472ರ ಮಹಮೂದ್ ಗವಾನನ ಮದರಸವೂ ನೆನಪಿಗೆ ಬರುವುದು ಸಹಜ. ಹೊಲದ ಇತಿಹಾಸವನ್ನು ಬರೆಯಹೊರಟವರಿಗೆ ಅಂತಹ ಸ್ಮಾರಕಗಳ ನೆರವಿಲ್ಲ. ಮಳೆ ತಪ್ಪಿದ ವರ್ಷಗಳನ್ನೂ ಕಂದಾಯದ ಮೊತ್ತವನ್ನೂ ದಾಖಲೆಗಳಿಂದ ತಿಳಿಯಬಹುದು. ಬೆಳೆಯನ್ನು ತಿಂದ ಹುಳುವಿನ ಮಾತು ಅವುಗಳಲ್ಲಿ ವಿರಳ. ಆದರೂ 1997–98ರ ಹಂಗಾಮಿನಲ್ಲಿ ಈ ಜಿಲ್ಲೆಯ ತೊಗರಿ ಬೆಳೆಗಾರರಿಗೆ ಒದಗಿದ ವಿಪತ್ತಿನ ಕಾರಣಗಳನ್ನು ವಿಚಾರಿಸುವವರು ಒಂದು ಪತಂಗದ ಜೀವನಕ್ರಮದಿಂದಲೇ ಆರಂಭಿಸಬೇಕೆಂದು ನಾವು ಭಾವಿಸುತ್ತೇವೆ.

ಆ ಪತಂಗವನ್ನು ವಿಜ್ಞಾನಿಗಳು ಹೆಲಿಕೋವರ್ಪಾ ಆರ್ಮಿಜೆರಾ ಎನ್ನುತ್ತಾರೆ. ನಮ್ಮ ರೈತರಿಗೆ ಅದರ ಮರಿಯೇ ಹೆಚ್ಚು ಪರಿಚಿತ, ಅದನ್ನು ಕಾಯಿಕೊರಕ ಹುಳುವೆಂದೂ ಹಸಿರು ಕೀಡೆಯೆಂದೂ ಕರೆಯುವರು. ಕಂದುಬಣ್ಣದ ಈ ಪತಂಗವು ಹಗಲಿನಲ್ಲಿ ಎಲೆಗಳ ಮರೆಯಲ್ಲಿದ್ದು, ಇರುಳಿನಲ್ಲಿ ಹೂವಿನ ಮಕರಂದವನ್ನು ಹೀರುತ್ತ ಸಂಚರಿಸುತ್ತದೆ. ಹೆಣ್ಣು ತನ್ನ ಅಲ್ಪಾಯುಷ್ಯದಲ್ಲಿ ನೂರಾರು ಮೊಟ್ಟೆಗಳನ್ನಿಡುತ್ತದೆ. ಒಂದೆಡೆ ರಾಶಿ ಹಾಕದೆ ಮೊಗ್ಗಿಗೊಂದು, ಹೂವಿಗೊಂದರಂತೆ ಬಿಡಿಬಿಡಿಯಾಗಿಡುವುದು ಅದರ ಜಾಣತನ. ಒಂದು ಮೊಟ್ಟೆ ಕೆಟ್ಟರೆ ಉಳಿದವು ಬದುಕುತ್ತವೆ. ಮೂರರಿಂದ ಐದು ದಿನಗಳಲ್ಲಿ ಹೊರಬಂದ ಮರಿಯು ಮೊದಲು ಎಳೆಯ ಎಲೆ ಮೊಗ್ಗುಗಳನ್ನು ಕೆರೆದು ತಿನ್ನುತ್ತದೆ. ಬಳಿಕ ಪೊರೆ ಕಳಚುತ್ತ ಬೆಳೆದು, ಕಾಯಿಗೆ ರಂಧ್ರ ಕೊರೆದು, ತಲೆಯನ್ನು ಒಳಗಿಟ್ಟು ಮೈಯ ಹಿಂಭಾಗವನ್ನು ಹೊರಗೆ ಬಿಟ್ಟುಕೊಂಡು ಕಾಳನ್ನು ತಿನ್ನುತ್ತದೆ. ಎರಡು ಮೂರು ವಾರಗಳ ತರುವಾಯ ನೆಲಕ್ಕಿಳಿದು ಮಣ್ಣಿನೊಳಗೆ ಕೋಶಾವಸ್ಥೆಯನ್ನು ತಾಳುತ್ತದೆ. ಅನುಕೂಲ ಹವೆಯಿದ್ದರೆ ಸುಮಾರು ಎರಡು ವಾರದೊಳಗೆ ಪತಂಗವಾಗಿ ಮೇಲೇಳುವುದು; ಪ್ರತಿಕೂಲ ಕಾಲದಲ್ಲಿ ಕೋಶದೊಳಗೇ ಬೆಳವಣಿಗೆಯನ್ನು ತಡೆಹಿಡಿದು ತಿಂಗಳುಗಟ್ಟಲೆ ಕಾಯಬಲ್ಲದು. ತೊಗರಿಯಿಲ್ಲದಾಗ ಕಡಲೆ, ಹತ್ತಿ, ಟೊಮೇಟೊ, ಸೂರ್ಯಕಾಂತಿ ಯಾವುದೂ ಇದಕ್ಕೆ ವರ್ಜ್ಯವಲ್ಲ. ಗಾಳಿಯ ನೆರವಿನಿಂದ ಬಹುದೂರ ಹಾರುವ ಶಕ್ತಿಯೂ ಇದಕ್ಕುಂಟು. 2013ರಲ್ಲಿ ದಕ್ಷಿಣ ಅಮೆರಿಕೆಯ ಬ್ರೆಜಿಲಿನಲ್ಲಿಯೂ ಇದರ ಇರವು ವರದಿಯಾಯಿತು.

ಈ ಕೀಟವು ನಮ್ಮ ಸೀಮೆಗೆ ಹೊಸದಾಗಿ ಬಂದುದಲ್ಲ. ಹೊಸದಾದುದು ಹೊಲದ ಸ್ವರೂಪ. ಭಾಲ್ಕಿ, ಔರಾದ ತಾಲ್ಲೂಕುಗಳ ಕಪ್ಪುಮಣ್ಣಿನಲ್ಲಿ ಮೊದಲು ಮುಂಗಾರಿ ಜೋಳದ ನಡುವೆ ತೊಗರಿಯ ಸಾಲುಗಳಿರುತ್ತಿದ್ದುವು. ಆ ಮಿಶ್ರಬೆಳೆಯು ಹುಳುವನ್ನು ತಡೆಯುತ್ತಿತ್ತೆಂದು ಕೆಲವರು ಹೇಳುವುದನ್ನು ನಾವು ಪೂರ್ಣವಾಗಿ ಒಪ್ಪಲಾರೆವು. ಜೋಳದ ತೆನೆಯನ್ನೂ ಈ ಹುಳು ತಿನ್ನಬಲ್ಲದು. ಮಿಶ್ರಬೆಳೆಯು ತಡೆಯುತ್ತಿದ್ದುದು ಹುಳುವನ್ನಲ್ಲ, ಸರ್ವನಾಶವನ್ನು. ತೊಗರಿಯು ಕಾಯಿಕಟ್ಟುವ ವೇಳೆಗೆ ಜೋಳವು ಕಣಜಕ್ಕೆ ಬಂದಿರುತ್ತಿತ್ತು; ತೊಗರಿ ಹೋದರೂ ರೊಟ್ಟಿಗೆ ಕೊರತೆಯಿರಲಿಲ್ಲ. ಬೇಳೆಯ ಮಾರುಕಟ್ಟೆಯನ್ನು ನೆಚ್ಚಿ ತೊಗರಿಯನ್ನೇ ಇಡೀ ಹೊಲಕ್ಕೆ ಬಿತ್ತಿದವನಿಗೆ ಈ ಆಸರೆ ತಪ್ಪಿತು. ಹೂವು ಕಾಯಿಗಳು ಎಲ್ಲೆಡೆ ಏಕಕಾಲದಲ್ಲಿ ದೊರೆಯುವಂತಾದುದರಿಂದ ಪತಂಗಕ್ಕೆ ಅನುಕೂಲವೇ ಆಯಿತು.

ಔಷಧದ ವಿಚಾರವು ಇನ್ನೂ ಜಟಿಲ. ಸಿಂಪಡಣೆಯು ಫಲಿಸುವುದು ಮೊಟ್ಟೆಯೊಡೆದ ಮೊದಲ ಕೆಲವು ದಿನಗಳಲ್ಲಿ ಮಾತ್ರ. ಆಗ ಮರಿಯು ಕಣ್ಣಿಗೆ ಬೀಳದಷ್ಟು ಚಿಕ್ಕದು. ಕಣ್ಣಿಗೆ ಬೀಳುವ ಹೊತ್ತಿಗೆ ಅದು ಬಲಿತು ಕಾಯಿಯನ್ನು ಹೊಕ್ಕಿರುತ್ತದೆ. ಇದಲ್ಲದೆ, ಪ್ರತಿ ಸಿಂಪಡಣೆಯಲ್ಲಿಯೂ ಸಾಯದೆ ಉಳಿದವುಗಳೇ ಮುಂದಿನ ಪೀಳಿಗೆಗೆ ಜನ್ಮ ಕೊಡುವುದರಿಂದ, ವಿಷವನ್ನು ತಾಳಿಕೊಳ್ಳುವ ಗುಣವು ಸಂತತಿಯಲ್ಲಿ ಹೆಚ್ಚುತ್ತದೆ. 1987ರಲ್ಲಿ ಆಂಧ್ರದ ಕರಾವಳಿಯ ಹತ್ತಿ ಹೊಲಗಳಲ್ಲಿ ಪೈರೆಥ್ರಾಯ್ಡ್ ಔಷಧಗಳು ಈ ಹುಳುವಿನ ಮುಂದೆ ಸೋತುದು ಇದಕ್ಕೆ ನಿದರ್ಶನ. ಹುಳುವಿನ ಮೈಯಲ್ಲಿ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಸಣ್ಣ ಕಣಜಗಳಾದರೋ ಅದೇ ಔಷಧದಿಂದ ಸಾಯುವುವು.

ಇಂತಹ ಸ್ಥಿತಿಯಲ್ಲಿ 1997ರ ಹಿಂಗಾರು ಬಂದಿತು. ಅಕಾಲದ ಮಳೆಯೂ ಹುಳುವಿನ ಹಾವಳಿಯೂ ಒಂದಾದುವು. ಮಳೆಯು ಸಿಂಪಡಿಸಿದ ಔಷಧವನ್ನು ತೊಳೆದರೆ ರೈತನು ಮತ್ತೆ ಸಿಂಪಡಿಸುವನು. ಅದಕ್ಕೆ ಮತ್ತೆ ಸಾಲ. ಬೀಜ, ಗೊಬ್ಬರ, ಔಷಧಗಳನ್ನು ಉದ್ದರಿ ಕೊಡುವ ವ್ಯಾಪಾರಿಯೇ ಹಲವರಿಗೆ ಸಾಹುಕಾರನೂ ಆಗಿದ್ದನು. ಯಾವ ಔಷಧವನ್ನು ಎಷ್ಟು ಹೊಡೆಯಬೇಕೆಂದು ಹೇಳುವವನೂ ಅವನೇ. ಎಳ್ಳ ಅಮಾವಾಸ್ಯೆಯಂದು ಮನೆಮಂದಿಯೆಲ್ಲ ಭಜ್ಜಿ ರೊಟ್ಟಿಗಳ ಬುತ್ತಿ ಹೊತ್ತು ಹೊಲಕ್ಕೆ ಹೋಗಿ ಚರಗ ಚೆಲ್ಲುವುದು ಈ ಸೀಮೆಯ ಪದ್ಧತಿ. ಆ ವರ್ಷ ಹಬ್ಬ ಬಂದುದು ಡಿಸೆಂಬರ್ ಕೊನೆಯಲ್ಲಿ, ತೊಗರಿಯ ಕೊಯ್ಲಿನ ಹೊಸ್ತಿಲಲ್ಲಿ. ಬೆಳೆ ಕೈಬಿಟ್ಟ ಬಳಿಕ 1998ರಲ್ಲಿ ಜಿಲ್ಲೆಯ ಹಲವು ರೈತರು ಆತ್ಮಹತ್ಯೆ ಮಾಡಿಕೊಂಡರು.

ಮಾನವಶಾಸ್ತ್ರಜ್ಞೆ ಎ. ಆರ್. ವಸವಿಯವರು 1999ರಲ್ಲಿ ಪ್ರಕಟಿಸಿದ ಅಧ್ಯಯನವು ಬೀದರದ ಈ ಸಾವುಗಳನ್ನು ಮಾರುಕಟ್ಟೆ ಮತ್ತು ಸರಕಾರದ ನೀತಿಗಳ ಹಿನ್ನೆಲೆಯಲ್ಲಿ ಪರಿಶೀಲಿಸಿತು. ರಾಜ್ಯದ ರೈತರ ಆತ್ಮಹತ್ಯೆಗಳನ್ನು ಕುರಿತು 2002ರಲ್ಲಿ ವರದಿಯನ್ನೊಪ್ಪಿಸಿದ ತಜ್ಞ ಸಮಿತಿಯ ಅಧ್ಯಕ್ಷರಾದ ಜಿ. ಕೆ. ವೀರೇಶರು ಸ್ವತಃ ಕೀಟಶಾಸ್ತ್ರಜ್ಞರು. ಈ ಎರಡು ಶಾಸ್ತ್ರಗಳ ಮಾತನ್ನೂ ಇತಿಹಾಸಕಾರರು ಒಟ್ಟಿಗೆ ಕೇಳಬೇಕು. ಪತಂಗವನ್ನು ಬಿಟ್ಟು ಸಾಲವನ್ನು ಮಾತ್ರ ನೋಡಿದರೆ ಸಾಲವು ಅಷ್ಟು ವೇಗವಾಗಿ ಬೆಳೆದ ಬಗೆ ತಿಳಿಯದು. ಸಾಲವನ್ನು ಬಿಟ್ಟು ಪತಂಗವನ್ನು ಮಾತ್ರ ನೋಡಿದರೆ, ಹಿಂದೆಯೂ ಇದ್ದ ಹುಳುವು ಆ ವರ್ಷವೇ ಪ್ರಾಣಾಂತಕವಾದುದು ಏಕೆಂದು ತಿಳಿಯದು.

ತೊಗರಿ ಬೆಳೆಯುವ ಈ ಸೀಮೆಯ ರೈತರಲ್ಲಿ ಒಂದು ಹಳೆಯ ಉಪಾಯವುಂಟು. ಗಿಡದ ಬುಡದಲ್ಲಿ ಬಟ್ಟೆಯನ್ನು ಹಾಸಿ, ಗಿಡವನ್ನು ಬಲವಾಗಿ ಅಲುಗಿಸಿ, ಉದುರಿದ ಹುಳುಗಳನ್ನು ಆಯ್ದು ಕೊಲ್ಲುವರು. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳೂ ಇದನ್ನು ಪರೀಕ್ಷಿಸಿ ಪ್ರಚಾರಕ್ಕೆ ತಂದರು. ಇದರಿಂದ ಮೊದಲ ಹಾನಿಯು ತಪ್ಪುವುದಿಲ್ಲ. ಆಳುಗಳೂ ಹೆಚ್ಚು ಬೇಕು. ಆದರೆ ಅಲುಗಿಸಿದಾಗ ಸುಲಭವಾಗಿ ಉದುರುವುದು ಬಲಿತ ಹುಳುವೇ, ಅಂದರೆ ಔಷಧಕ್ಕೆ ಬಗ್ಗದಷ್ಟು ಬೆಳೆದು ರೈತನ ಕಣ್ಣಿಗೆ ಮೊದಲು ಬೀಳುವ ಹುಳು.